ಶುಕ್ರವಾರದ ಎರಡು ಗಂಟೆ: ಹೊಸ ತಂತ್ರಜ್ಞಾನದ ಜಾಡು ಹಿಡಿಯಲು ನಾನು ಕಲಿತ ಬಗೆ

ನಮ್ಮ ಪ್ಲಾಂಟಿನಲ್ಲಿ ನೈಟ್ರೇಷನ್ ಬ್ಯಾಚ್ ಇದ್ದ ದಿನ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ನೈಟ್ರೇಷನ್ ಎಂದರೆ ಆಮ್ಲ ಹಾಕಿ ಅಣುವಿಗೆ ನೈಟ್ರೋ ಗುಂಪು ಕೂರಿಸುವುದು, ಭಾರಿ ಶಾಖ ಹುಟ್ಟುವ ಕ್ರಿಯೆ. ಬ್ಯಾಚ್ ಎಂದರೆ ಒಂದೇ ದೊಡ್ಡ ಪಾತ್ರೆಯಲ್ಲಿ ಒಂದು ಸಲಕ್ಕೆ ಮಾಡುವಷ್ಟು. 3,000 ಲೀಟರಿನ ಗ್ಲಾಸ್ ಲೈನ್ಡ್ ರಿಯಾಕ್ಟರ್, ಅದರ ಸುತ್ತಲಿನ ಜಾಕೆಟ್ಟಿನಲ್ಲಿ ಮೈನಸ್ 10 ಡಿಗ್ರಿಯ ಬ್ರೈನ್ (ತಂಪು ಮಾಡುವ ಉಪ್ಪುನೀರು), ಮೇಲಿನಿಂದ ಸಣ್ಣ ಧಾರೆಯಾಗಿ ಇಳಿಯುವ ಮಿಕ್ಸ್ಡ್ ಆಸಿಡ್ (ನೈಟ್ರಿಕ್, ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣ). ಒಳಗಿನ ಉಷ್ಣತೆ 5 ಡಿಗ್ರಿ ದಾಟುವಂತಿಲ್ಲ. ಆಸಿಡ್ ಹಾಕಿ ಮುಗಿಸುವುದಕ್ಕೇ ಒಂಬತ್ತು ಗಂಟೆ. ಪ್ಲಾಂಟ್ ಇರುವುದು ಬೀದರ್ ಕಡೆ. ಏಪ್ರಿಲ್ ಬಂತೆಂದರೆ ಷಿಫ್ಟ್ ಇನ್‌ಚಾರ್ಜ್ ಫೋನು ಬರುತ್ತಿತ್ತು: "ಬ್ರೈನ್ ಇಳೀವಲ್ದರಿ ಮೇಡಂ, ಆಸಿಡ್ ನಿಲ್ಲಸ್ಲೇನು?" ನಾನು ಬೆಂಗಳೂರಿನ ಲ್ಯಾಬಿನಲ್ಲಿ ಕೂತು "ನಿಲ್ಲಿಸಿ" ಎನ್ನುತ್ತಿದ್ದೆ. ಆಮೇಲೆ ಇಬ್ಬರೂ ಕಾಯುತ್ತಿದ್ದೆವು.

2018ರಲ್ಲಿ ನಮ್ಮ ಹಳೆಯ ಗಿರಾಕಿಯೊಬ್ಬರು ಈ ನೈಟ್ರೇಷನ್ನಿನಿಂದ ಬರುವ ಇಂಟರ್ಮೀಡಿಯೆಟ್ಟನ್ನು (ಬೇರೆ ರಾಸಾಯನಿಕ ಮಾಡಲು ಬಳಸುವ ನಡುಹಂತದ ವಸ್ತು) ಬೇರೆ ಕಡೆಯಿಂದ ತರಿಸಿಕೊಳ್ಳತೊಡಗಿದರು. ಕಾರಣ ಕೇಳಿದಾಗ, "ಅವರು ಫ್ಲೋಗೆ ಹೋಗಿ ವರ್ಷವಾಯಿತು, ನಿಮಗೆ ಗೊತ್ತಿರಲಿಲ್ಲವೇ?" ಎಂದರು. ಗೊತ್ತಿತ್ತು. ಫ್ಲೋ, ಎಂದರೆ ದೊಡ್ಡ ಪಾತ್ರೆಯ ಬದಲು ಸಣ್ಣ ಕೊಳವೆಯಲ್ಲಿ ಬಿಡದೆ ಹರಿಸುತ್ತಾ, ನೈಟ್ರೇಷನ್ ಮಾಡುವ ಬಗ್ಗೆ ಒಂದು ಒಳ್ಳೆಯ ಪ್ರಬಂಧವನ್ನು ಎರಡು ವರ್ಷದ ಹಿಂದೆಯೇ ಪ್ರಿಂಟ್ ತೆಗೆದು, ಹಳದಿ ಗೆರೆ ಎಳೆದು, ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೆ. ಓದಿದ್ದನ್ನು ನಮ್ಮ ರಿಯಾಕ್ಟರಿಗೆ ಜೋಡಿಸಿ ನೋಡಿರಲಿಲ್ಲ, ಅಷ್ಟೆ. ಅದು ನನ್ನನ್ನು ಬಹಳ ದಿನ ಕಾಡಿತು.

ಆ ಬೇಸರದಲ್ಲಿ ಮೊದಲು ಮಾಡಿದ್ದು ತಪ್ಪು ಕೆಲಸ. ಫ್ಲೋ ಕೆಮಿಸ್ಟ್ರಿ, ಬಯೋಕೆಟಾಲಿಸಿಸ್, ಎಲೆಕ್ಟ್ರೋಸಿಂಥೆಸಿಸ್, ಫೋಟೋಕೆಮಿಸ್ಟ್ರಿ, ಹೀಗೆ ಮೂವತ್ತಕ್ಕೂ ಹೆಚ್ಚು ಪದಗಳಿಗೆ ಅಲರ್ಟ್ ಹಾಕಿಕೊಂಡೆ. ದಿನಕ್ಕೆ ಐವತ್ತು ಅರವತ್ತು ಮೇಲ್. ಮೂರು ತಿಂಗಳು ಕಳೆಯುವಷ್ಟರಲ್ಲಿ ಆ ಫೋಲ್ಡರ್ ತೆರೆಯಲೇ ಹೆದರಿಕೆಯಾಗುತ್ತಿತ್ತು. ನಮ್ಮಲ್ಲಿಗೆ ಸಲಹೆಗಾರರಾಗಿ ಬರುತ್ತಿದ್ದ ನಿವೃತ್ತ ಪ್ರೋಸೆಸ್ ಎಂಜಿನಿಯರ್ ಒಬ್ಬರು ಇದನ್ನು ನೋಡಿ ಕೇಳಿದರು: "ನಿಮ್ಮ ಪ್ಲಾಂಟಲ್ಲಿ ನಿಮ್ಮ ನಿದ್ದೆ ಕೆಡಿಸೋದು ಯಾವುದಮ್ಮಾ? ಮೊದಲು ಅದನ್ನ ಬರೀರಿ. ಆಮೇಲೆ ಹುಡುಕಿ."

ಬರೆದೆ. ಮೂರೇ ಬಂದವು. ನೈಟ್ರೇಷನ್ನಿನ ಶಾಖವನ್ನು ಬೇಗ ತೆಗೆಯುವುದು ಹೇಗೆ? ಸ್ಪೆಂಟ್ ಆಸಿಡ್ (ಬಳಸಿ ಉಳಿಯುವ ತ್ಯಾಜ್ಯ ಆಮ್ಲ) ಕಡಿಮೆ ಮಾಡುವುದು ಹೇಗೆ? ಹೈಡ್ರೋಜನೇಷನ್ನಿನಲ್ಲಿ (ಹೈಡ್ರೋಜನ್ ಸೇರಿಸುವ ಹಂತ) ಕಳೆದುಹೋಗುವ ಪಲೇಡಿಯಂ ಎಂಬ ದುಬಾರಿ ಲೋಹ ಉಳಿಸುವುದು ಹೇಗೆ? ಅಂದೇ ಅಲರ್ಟುಗಳನ್ನೆಲ್ಲ ಅಳಿಸಿ, ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗಳ ಕಾಲವನ್ನು ಇದಕ್ಕೆಂದೇ ಮೀಸಲಿಟ್ಟೆ. ಭಾರತದ ಪೇಟೆಂಟ್ ಕಚೇರಿಯ ಜರ್ನಲ್ ಹೊರಬರುವುದೂ ಶುಕ್ರವಾರವೇ. ಉಳಿದ ಜಗತ್ತಿನಲ್ಲಿ ಏನಾಗುತ್ತಿದೆ ಎಂದು ತಿಳಿಯಲು ಐಯುಪಿಎಸಿ (ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ) 2019ರಿಂದ ಪ್ರತಿ ವರ್ಷ ಕೊಡುವ ಹತ್ತು ಹೊಸ ತಂತ್ರಜ್ಞಾನಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಓದುತ್ತೇನೆ. ಮೊದಲ ಪಟ್ಟಿಯಲ್ಲೇ ಫ್ಲೋ ಕೆಮಿಸ್ಟ್ರಿ ಇತ್ತು, ಆರ್ಗನೋಕೆಟಾಲಿಸಿಸ್ (ಲೋಹದ ಬದಲು ಸಣ್ಣ ಸಾವಯವ ಅಣುಗಳಿಂದ ಕ್ರಿಯೆಗೆ ವೇಗ ಕೊಡುವುದು) ಕೂಡ ಇತ್ತು. ಎರಡನೆಯದಕ್ಕೆ 2021ರಲ್ಲಿ ನೊಬೆಲ್ ಬಂತು.

ನನ್ನ ಸಮಯದ ಹೆಚ್ಚು ಪಾಲು ಹೋಗುವುದು ಪೇಟೆಂಟುಗಳಿಗೆ. ಕೆಮಿಸ್ಟರಾದ ನಾವು ಪೇಟೆಂಟ್ ಓದಲು ಹಿಂಜರಿಯುತ್ತೇವೆ, ಭಾಷೆ ಒಣ ಎಂಬ ಕಾರಣಕ್ಕೆ. ಆದರೆ ಕಂಪನಿಗಳು ಪ್ರಬಂಧದಲ್ಲಿ ಬರೆಯದ ಎಷ್ಟೋ ವಿಷಯ ಅಲ್ಲಿರುತ್ತದೆ. ಯುರೋಪಿನ ಪೇಟೆಂಟ್ ಕಚೇರಿಯ ಹುಡುಕುತಾಣ ಎಸ್ಪಾಸೆನೆಟ್ ಉಚಿತ, 15 ಕೋಟಿಗೂ ಹೆಚ್ಚು ದಾಖಲೆಗಳಿವೆ. ನಾನು ಎಡವಿದ್ದು ಹುಡುಕುವ ಪದದಲ್ಲಿ. ಯುರೋಪಿನವರು ಫ್ಲೋ ರಿಯಾಕ್ಟರ್ ಎಂದು ಬರೆಯುವುದನ್ನು ಚೀನಾದವರು ಮೈಕ್ರೋಚಾನೆಲ್ ರಿಯಾಕ್ಟರ್ ಎನ್ನುತ್ತಾರೆ, ಇನ್ನು ಕೆಲವರಿಗೆ ಅದು ಬರೀ ಟ್ಯೂಬ್. ಪದ ಬಿಟ್ಟು, ಪೇಟೆಂಟುಗಳಿಗೆ ವಿಷಯದ ಪ್ರಕಾರ ಕೊಡುವ ವರ್ಗೀಕರಣದ ಸಂಖ್ಯೆ ಹಿಡಿದ ಮೇಲೆ ದಾರಿ ಸಲೀಸಾಯಿತು. ಬಿ01ಜೆ 19/0093 ಎಂದರೆ ಮೈಕ್ರೋರಿಯಾಕ್ಟರ್. ಸಿ07ಸಿ 201/08 ಎಂದರೆ ಹೈಡ್ರೋಜನ್ ಜಾಗಕ್ಕೆ ನೈಟ್ರೋ ಗುಂಪು ಕೂರಿಸುವುದು. ಎರಡನ್ನೂ ಒಟ್ಟಿಗೆ ಕೊಟ್ಟರೆ ಕೈಗೆ ಬರುವುದು ಒಂದು ಸಂಜೆಯಲ್ಲಿ ನೋಡಿ ಮುಗಿಸಬಹುದಾದಷ್ಟು. ಚೀನೀ ಭಾಷೆಯದ್ದಾದರೆ ಅಲ್ಲೇ ಯಂತ್ರಾನುವಾದ ಸಿಗುತ್ತದೆ, ಉದಾಹರಣೆಗಳ ಭಾಗಕ್ಕೆ ಅದು ಸಾಕು.

ಹಾಗೆ ನೋಡುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಚೀನಾದಿಂದ ಬರುತ್ತಿದ್ದ ಅರ್ಜಿಗಳ ರಾಶಿ. 2019ರ ಮಾರ್ಚ್ 21ರಂದು ಅದೇ ದೇಶದ ಷಿಯಾಂಗ್‌ಶುಯಿಯಲ್ಲಿ, ಬಹುಕಾಲ ಕೂಡಿಟ್ಟಿದ್ದ ನೈಟ್ರೇಷನ್ ತ್ಯಾಜ್ಯ ತಾನಾಗಿ ಹೊತ್ತಿಕೊಂಡು ಸ್ಫೋಟವಾಗಿ 78 ಜನ ಸತ್ತರು. ಆ ಸುದ್ದಿ ಓದಿದ ರಾತ್ರಿ ನಮ್ಮ ಷಿಫ್ಟಿನವರ ಮುಖಗಳೇ ಕಣ್ಮುಂದೆ ಬಂದವು. ಈ ರಾಸಾಯನಿಕ ಕ್ರಿಯೆಯನ್ನು ಹಳೆಯ ರೀತಿಯಲ್ಲೇ ನಡೆಸಿಕೊಂಡು ಹೋಗುವುದು ಸರಿಯಲ್ಲ ಎಂದು ನನಗೆ ಗಟ್ಟಿಯಾಗಿ ಅನಿಸಿದ್ದು ಆಗ.

ಪೇಟೆಂಟನ್ನು ನಾನು ಹಿಂದಿನಿಂದ ಓದುತ್ತೇನೆ. ಮೊದಲು ಉದಾಹರಣೆಗಳು: ಎಷ್ಟು ಗ್ರಾಂ ಮಾಡಿದರು, ಎಷ್ಟು ಗಂಟೆ ಬಿಡದೆ ಓಡಿಸಿದರು? ಐದು ಗ್ರಾಂ ಮಾಡಿ ಹತ್ತು ನಿಮಿಷ ಓಡಿಸಿದ್ದರೆ ಅದು ಇನ್ನೂ ಲ್ಯಾಬಿನ ಮಾತು. ಆಮೇಲೆ ಅರ್ಜಿದಾರರು: ವಿಶ್ವವಿದ್ಯಾಲಯವೋ, ತಯಾರಕರೋ? ಮೂರನೆಯದು ಯಾವ ಯಾವ ದೇಶದಲ್ಲಿ ಹಾಕಿದ್ದಾರೆ ಎನ್ನುವುದು. ನಾಲ್ಕನೆಯದನ್ನು ತುಂಬ ಜನ ನೋಡುವುದೇ ಇಲ್ಲ, ನನಗೆ ಮಾತ್ರ ಅದೇ ಎಲ್ಲಕ್ಕಿಂತ ಮುಖ್ಯ: ವಾರ್ಷಿಕ ಶುಲ್ಕ ಕಟ್ಟುತ್ತಿದ್ದಾರೆಯೇ? ಐದಾರು ವರ್ಷವಾದರೂ ದುಡ್ಡು ಕಟ್ಟಿ ಪೇಟೆಂಟ್ ಉಳಿಸಿಕೊಂಡಿದ್ದಾರೆಂದರೆ ಅದರ ಹಿಂದೆ ಯಾರೋ ಏನೋ ಓಡಿಸುತ್ತಿದ್ದಾರೆ. ಒಂದು ಮಿತಿ ಮರೆಯಬಾರದು. ಸಾಮಾನ್ಯವಾಗಿ ಅರ್ಜಿ ಪ್ರಕಟವಾಗುವುದು ಮೊದಲು ಅರ್ಜಿ ಹಾಕಿದ ದಿನಾಂಕದಿಂದ 18 ತಿಂಗಳಿಗೆ. ಇವತ್ತು ನೀವು ಓದುವುದು ಅವರು ಒಂದೂವರೆ ವರ್ಷದ ಹಿಂದೆ ಬರೆದದ್ದು.

ಆ ಅಂತರ ತುಂಬಲು ನಮ್ಮ ದೇಶದಲ್ಲೇ ಒಂದು ನಿಧಿಯಿದೆ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್. 2006ರ ಇಐಎ (ಪರಿಸರ ಪರಿಣಾಮ ಮೌಲ್ಯಮಾಪನ) ಅಧಿಸೂಚನೆಯ 5(ಎಫ್) ವರ್ಗದಲ್ಲಿ ಬರುವ ಸಿಂಥೆಟಿಕ್ ಆರ್ಗ್ಯಾನಿಕ್ ರಾಸಾಯನಿಕ ಘಟಕಗಳು ಹೊಸದಾಗಿ ಶುರುಮಾಡಲು ಅಥವಾ ವಿಸ್ತರಿಸಲು ಪರಿಸರ ಅನುಮತಿಗೆ ಹೋದಾಗ, ಯಾವ ಉತ್ಪನ್ನ, ಎಷ್ಟು ಟನ್, ಯಾವ ಕಚ್ಚಾವಸ್ತು, ಹೇಗೆ ತಯಾರಿಸುತ್ತಾರೆ, ಮಾಸ್ ಬ್ಯಾಲೆನ್ಸ್ (ಒಳಹೋದದ್ದು, ಹೊರಬಂದದ್ದರ ಲೆಕ್ಕ), ತ್ಯಾಜ್ಯ ಎಷ್ಟು ಎಂಬುದನ್ನೆಲ್ಲ ವರದಿಯಲ್ಲಿ ಕೊಡುತ್ತವೆ. ನಾನು ಪಶ್ಚಿಮ ಕರಾವಳಿಯ ಒಂದು ಘಟಕದ ಹಳೆಯ ವರದಿ ಮತ್ತು ವಿಸ್ತರಣೆಯ ವರದಿಯನ್ನು ಪಕ್ಕಪಕ್ಕ ಇಟ್ಟು, ಒಂದು ಟನ್ ಉತ್ಪನ್ನಕ್ಕೆ ಸ್ಪೆಂಟ್ ಆಸಿಡ್ ಎಷ್ಟು ಎಂದು ಪೆನ್ಸಿಲ್ಲಿನಲ್ಲಿ ಭಾಗಿಸಿದೆ. ಸುಮಾರು ಮೂರನೇ ಒಂದು ಭಾಗ ಇಳಿದಿತ್ತು. ತಂತ್ರಜ್ಞಾನ ಬದಲಾಗಿದೆ ಎಂದು ವರದಿಯಲ್ಲಿ ಒಂದು ಪದವೂ ಇರಲಿಲ್ಲ, ಲೆಕ್ಕವೇ ಹೇಳಿತು. ಇಂಥ ಕಡತಗಳು ಐನೂರು ಆರುನೂರು ಪುಟ ಇರುತ್ತವೆ. ನನಗೆ ಬೇಕಾದ ಪುಟಗಳು ಹತ್ತು.

ಜರ್ನಲ್‌ಗಳಲ್ಲಿ ತಪ್ಪದೆ ನೋಡುವುದು ಆರ್ಗ್ಯಾನಿಕ್ ಪ್ರೋಸೆಸ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್ ಒಂದೇ. ಇನ್ನುಳಿದಂತೆ, ಪ್ರತಿ ಪ್ರಶ್ನೆಗೂ ಒಂದೊಂದು ಒಳ್ಳೆಯ ವಿಮರ್ಶಾ ಲೇಖನ ಆರಿಸಿಕೊಂಡು, ಅದನ್ನು ಹೊಸದಾಗಿ ಯಾರು ಉಲ್ಲೇಖಿಸಿದರು ಎಂದು ಗೂಗಲ್ ಸ್ಕಾಲರಿನಿಂದ ತಿಳಿದುಕೊಳ್ಳುತ್ತೇನೆ. ಪ್ರದರ್ಶನಗಳಿಗೆ ಹೋದರೆ ಮಾರುವವರ ಮಾತಿಗಿಂತ ಸರ್ವಿಸ್ ಎಂಜಿನಿಯರನ್ನು ಹುಡುಕಿ, "ಯಾವ ಭಾಗ ಹೆಚ್ಚು ಬದಲಾಯಿಸುತ್ತೀರಿ?" ಎಂದು ಕೇಳುತ್ತೇನೆ. ಅಲ್ಲಿ ಸಿಗುವ ಉತ್ತರ ಯಾವ ಬ್ರೋಷರಿನಲ್ಲೂ ಸಿಗುವುದಿಲ್ಲ.

ಎಲ್ಲವೂ ಒಂದು ಉದ್ದನೆಯ ಲೆಡ್ಜರಿಗೆ ಹೋಗುತ್ತದೆ. ಕಂಡದ್ದು, ಎಲ್ಲಿ ಕಂಡದ್ದು, ಎಷ್ಟು ದೊಡ್ಡ ಪ್ರಮಾಣದಲ್ಲಿ ಮಾಡಿದ್ದಾರೆ. ಕೊನೆಯ ಅಂಕಣದ ತಲೆಬರಹ "ನಮ್ಮಲ್ಲಿ ಆಗದಿರಲು ಕಾರಣ". ಆ ಅಂಕಣ ತುಂಬಲು ಆಗದ ದಿನ ಪ್ರಯೋಗ ಮಾಡಲೇಬೇಕು ಎಂದು ನಾನೇ ಹಾಕಿಕೊಂಡ ನಿಯಮ.

ನೈಟ್ರೇಷನ್ನಿನ ಸಾಲಿನಲ್ಲಿ ಬಹಳ ಕಾಲ "ಕಟ್ಟಿಕೊಳ್ಳುತ್ತದೆ" ಎಂದು ಬರೆದಿತ್ತು. ನಮ್ಮ ಉತ್ಪನ್ನ ತಣ್ಣಗಿದ್ದರೆ ಹರಳುಗಟ್ಟುತ್ತದೆ, ಸಣ್ಣ ಕೊಳವೆ ಹತ್ತೇ ನಿಮಿಷದಲ್ಲಿ ಮುಚ್ಚಿಹೋಗುತ್ತದೆ. ಒಂದು ಶುಕ್ರವಾರ ನಮ್ಮದಕ್ಕೆ ಹತ್ತಿರದ ಅಣುವಿನ ಪೇಟೆಂಟೊಂದರಲ್ಲಿ ಮೂರನೇ ಉದಾಹರಣೆ ಓದುತ್ತಾ ನಿಂತುಬಿಟ್ಟೆ: 45 ಡಿಗ್ರಿ, 40 ಸೆಕೆಂಡು. ಬ್ಯಾಚಿನಲ್ಲಿ 45 ಡಿಗ್ರಿ ಎಂದರೆ ನಾವು ಓಡಿಹೋಗುತ್ತೇವೆ. ಲೆಕ್ಕ ಹಾಕಿ ನೋಡಿದೆ. ನಮ್ಮ ರಿಯಾಕ್ಟರಿನಲ್ಲಿ ಒಂದು ಘನ ಮೀಟರ್ ದ್ರವಕ್ಕೆ ಶಾಖ ತೆಗೆಯುವ ಮೈ ಸುಮಾರು 3 ಚದರ ಮೀಟರ್. 1 ಮಿಲಿಮೀಟರ್ ಒಳವ್ಯಾಸದ ಕೊಳವೆಯಲ್ಲಾದರೆ ಅದು 4,000. ಶಾಖ ಹುಟ್ಟಿದಲ್ಲೇ ಹೊರಟುಹೋಗುವಾಗ 5 ಡಿಗ್ರಿಯ ಹಟ ಯಾಕೆ ಬೇಕು? ಬೆಚ್ಚಗೇ ನಡೆಸಿದರೆ ಹರಳೂ ಕಟ್ಟುವುದಿಲ್ಲ. ಕೊನೆಯ ಅಂಕಣದ ಆ ಪದವನ್ನು ಹೊಡೆದುಹಾಕಿದೆ.

ಮೊದಲು ಶಾಖದ ಅಳತೆ ಮಾಡಿಸಿದೆವು, ಅದಿಲ್ಲದೆ ಯಾರೂ ಕೈಹಾಕಬಾರದು. ಆಮೇಲೆ ಟೆಫ್ಲಾನ್ ಕೊಳವೆ, ಎರಡು ಪಂಪು, ನೀರಿನ ತೊಟ್ಟಿಯಲ್ಲಿ ನಾಲ್ಕು ತಿಂಗಳ ಪ್ರಯೋಗ. ಈಗ ಪ್ಲಾಂಟಿನಲ್ಲಿ ಸಿಲಿಕಾನ್ ಕಾರ್ಬೈಡ್ ಎಂಬ ಗಟ್ಟಿ ಪದಾರ್ಥದ ಸಣ್ಣ ಫ್ಲೋ ಘಟಕವಿದೆ. ಯಾವ ಕ್ಷಣದಲ್ಲಿ ನೋಡಿದರೂ ಒಳಗಿರುವ ದ್ರವ ಎರಡು ಲೀಟರ್ ದಾಟುವುದಿಲ್ಲ. ಹೋದ ಏಪ್ರಿಲ್‌ನಲ್ಲಿ ಷಿಫ್ಟ್ ಇನ್‌ಚಾರ್ಜ್ ಫೋನ್ ಮಾಡಿದ್ದು ಮಗಳ ಮದುವೆಗೆ ಕರೆಯಲು.

ಎರಡನೇ ಪ್ರಶ್ನೆ, ಸ್ಪೆಂಟ್ ಆಸಿಡ್‌ನದು, ಲೆಡ್ಜರಿನಲ್ಲಿ ಇನ್ನೂ ಹಾಗೇ ಇದೆ. ಸಲ್ಫ್ಯೂರಿಕ್ ಬದಲು ಜಿಯೊಲೈಟಿನಂಥ (ಸೂಕ್ಷ್ಮ ರಂಧ್ರಗಳಿರುವ ಖನಿಜ) ಘನ ಆಮ್ಲ ಬಳಸುವ ಒಂದು ಪೇಟೆಂಟ್ ಕಳೆದ ವಾರ ಸಿಕ್ಕಿದೆ. ಅರ್ಜಿದಾರರು ತಯಾರಕರೇ, ಉದಾಹರಣೆಯಲ್ಲಿ 72 ಗಂಟೆ ಓಡಿಸಿದ್ದಾರೆ. ಈ ಶುಕ್ರವಾರ ಅವರು ಐದನೇ ವರ್ಷದ ಶುಲ್ಕ ಕಟ್ಟಿದ್ದಾರೆಯೇ ನೋಡಬೇಕು.