ಮೂವತ್ತು ದಿನದೊಳಗೆ: ದಿನ ತುಂಬದೆ ಹುಟ್ಟಿದ ಕೂಸಿನ ಕಣ್ಣು ತಪಾಸಣೆ

ಮೈಸೂರು, ಮಂಡ್ಯ ಕಡೆ ಆರ್‌ಒಪಿ (ದಿನ ತುಂಬದೆ ಹುಟ್ಟಿದ ಕೂಸಿನ ರೆಟಿನಾದಲ್ಲಿ ರಕ್ತನಾಳ ಸರಿಯಾಗಿ ಬೆಳೆಯದ ಕಾಯಿಲೆ) ತಪಾಸಣೆ ಕೈತಪ್ಪುವುದು ಹೆಚ್ಚಾಗಿ ತಾರೀಖಿನಿಂದ. ಎಸ್‌ಎನ್‌ಸಿಯುನಿಂದ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಬಿಡುಗಡೆಯಾದ ಕೂಸು ಬಾಣಂತನಕ್ಕೆಂದು ನಾಗಮಂಗಲಕ್ಕೋ ಮಳವಳ್ಳಿಗೋ ತಾಯಿಯ ತವರಿಗೆ ಹೋಗುತ್ತದೆ; ಹಸುಗೂಸನ್ನು ಹೊಸಿಲು ದಾಟಿಸಲು ಹಿರಿಯರು ಒಪ್ಪುವುದಿಲ್ಲ. ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದಲ್ಲಿ ಕಾಯಿಲೆ ಬಲಿಯುವುದು ಅದೇ ವಾರಗಳಲ್ಲಿ, ಹೊರಗಿನಿಂದ ನೋಡಿದರೆ ಕಣ್ಣಲ್ಲಿ ಏನೂ ಗೊತ್ತಾಗದು. ಹಾಗಾಗಿ ಮಗು ದಾಖಲಾದ ದಿನವೇ ತಪಾಸಣೆಯ ತಾರೀಖು ಲೆಕ್ಕ ಹಾಕಿ ಕೇಸ್‌ ಶೀಟಿನಲ್ಲೂ ತಾಯಿ ಕಾರ್ಡಿನಲ್ಲೂ ಕೆಂಪು ಶಾಯಿಯಲ್ಲಿ ಬರೆಯುತ್ತೇವೆ. ತಂದೆಯ ಮೊಬೈಲ್‌ ನಂಬರ್‌ ಒಂದೇ ಸಾಲದು, ತವರಿನ ಅಜ್ಜಿಯದೂ ಆ ಊರಿನ ಆಶಾ ಕಾರ್ಯಕರ್ತೆಯದೂ ಬೇಕು.

34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2000 ಗ್ರಾಂಗಿಂತ ಕಡಿಮೆ ತೂಕದ ಎಲ್ಲ ಮಕ್ಕಳನ್ನೂ ನೋಡಬೇಕು. 34–36 ವಾರದವರಲ್ಲಿ ಬಹಳ ದಿನ ಆಕ್ಸಿಜನ್‌ ಪಡೆದವರು, ನಂಜಾದವರು, ರಕ್ತ ಕೊಡಿಸಿಕೊಂಡವರೂ ಸೇರುತ್ತಾರೆ. ಮೊದಲ ತಪಾಸಣೆ ಹುಟ್ಟಿದ 30 ದಿನದೊಳಗೆ. 28 ವಾರಕ್ಕೂ ಮೊದಲು ಹುಟ್ಟಿದ್ದರೆ ಇಲ್ಲವೇ 1200 ಗ್ರಾಂ ಒಳಗಿದ್ದರೆ ಎರಡು-ಮೂರನೇ ವಾರದಲ್ಲೇ. ಅಮೆರಿಕದ 30 ವಾರ, 1500 ಗ್ರಾಂ ಮಿತಿಯನ್ನು ಇಲ್ಲಿಗೆ ತಂದರೆ ನಮ್ಮಲ್ಲಿ ಕಾಯಿಲೆ ಬರುವ ದೊಡ್ಡ ತೂಕದ ಮಕ್ಕಳು ಬಿಟ್ಟುಹೋಗುತ್ತಾರೆ.

ರೆಟಿನಾ ನೋಡಲು ಮೊದಲು ಹನಿ ಹಾಕಿ ಪಾಪೆ ಹಿಗ್ಗಿಸಬೇಕು. ಅಂಗಡಿಯಲ್ಲಿ ಸಿಗುವ ದೊಡ್ಡವರ ಹನಿಯಲ್ಲಿ 0.8% ಟ್ರೋಪಿಕಮೈಡ್‌, 5% ಫಿನೈಲೆಫ್ರಿನ್‌ ಇರುತ್ತದೆ. ಅಷ್ಟೇ ಅಳತೆಯ ಕೃತಕ ಕಣ್ಣೀರು ಬೆರೆಸಿ ಸಾಂದ್ರತೆ ಅರ್ಧಕ್ಕಿಳಿಸುತ್ತೇವೆ. ಹಾಲು ಕುಡಿದು ಒಂದು ಗಂಟೆಯಾಗುವಂತೆ ನೋಡಿಕೊಂಡು, 10–15 ನಿಮಿಷಕ್ಕೊಮ್ಮೆ ಒಂದೊಂದು ಹನಿ, ಮೂರು ಸಲ. ಕೆನ್ನೆಗೆ ಇಳಿದದ್ದನ್ನು ಆಗಲೇ ಹತ್ತಿಯಿಂದ ಒರೆಸಬೇಕು. ಚರ್ಮದಿಂದ ಒಳಹೋದರೂ ಬಿ.ಪಿ. ಏರುತ್ತದೆ.

ಪಾಪೆ ಹಿಗ್ಗದಿದ್ದರೆ ಹನಿ ಸುರಿಯುತ್ತ ಹೋಗಬೇಡಿ. ಟಾರ್ಚ್‌ ಹಿಡಿದು ಐರಿಸ್‌ (ಪಾಪೆಯ ಸುತ್ತಲಿನ ಬಣ್ಣದ ಭಾಗ) ನೋಡಿ. ಅದರ ಮೇಲೆ ಉಬ್ಬಿದ ಕೆಂಪು ರಕ್ತನಾಳ ಕಂಡರೆ ಒಳಗೆ ಕಾಯಿಲೆ ಜೋರಾಗಿದೆ ಎಂದೇ ಅರ್ಥ. ಆ ಮಗುವಿಗೆ ಮುಂದಿನ ವಾರದ ತಾರೀಖು ಕೊಡಲೇಬಾರದು, ಅಂದೇ ರೆಟಿನಾ ತಜ್ಞರಿಗೆ ತೋರಿಸಬೇಕು.

ಕೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ನಾಲಿಗೆಗೆ ಸಕ್ಕರೆ ದ್ರಾವಣ, ಕಣ್ಣಿಗೆ ಮರಗಟ್ಟಿಸುವ ಪ್ರೊಪಾರಕೇನ್‌ ಹನಿ ಹಾಕಿ, ಪಾದಕ್ಕೆ ಪಲ್ಸ್‌ ಆಕ್ಸಿಮೀಟರ್‌ ಕಟ್ಟುತ್ತೇವೆ. ರೆಪ್ಪೆ ತೆರೆದಿಡುವ ಸ್ಪೆಕ್ಯುಲಮ್‌ ಇಟ್ಟ ಮೇಲೆ, ಕಣ್ಣು ಒತ್ತುವ ಮೊದಲೇ 28 ಡಯಾಪ್ಟರ್‌ ಲೆನ್ಸಿನಲ್ಲಿ ನರದ ಸುತ್ತಲಿನ ನಾಳಗಳನ್ನು ನೋಡಿಬಿಡಬೇಕು. ಒತ್ತಡ ಬಿದ್ದರೆ ಊದಿ ಸುರುಳಿಯಾದ ನಾಳ ಬಿಳಿಚಿಕೊಂಡು, ಪ್ಲಸ್‌ (ನಾಳ ಹೀಗೆ ಊದಿ ಸುರುಳಿಯಾಗುವ ಲಕ್ಷಣ) ಇದ್ದದ್ದೂ ಇಲ್ಲದಂತೆ ಕಾಣುತ್ತದೆ. ರೆಟಿನಾದ ಚಿತ್ರ ತೆಗೆಯುವ ಕ್ಯಾಮೆರಾ ತುದಿ ಒತ್ತಿದರೂ ಹೀಗೇ. ಆಮೇಲೆ ಕಣ್ಣು ಒತ್ತಿ ರೆಟಿನಾದ ಅಂಚು ನೋಡಬೇಕು. ಒತ್ತುವಾಗ ಎದೆಬಡಿತ ಇಳಿದರೆ ತಕ್ಷಣ ಕೈ ಬಿಡಿ.

ಕಾಯಿಲೆ ಇರುವ ಜಾಗವನ್ನು ವಲಯ ಎನ್ನುತ್ತೇವೆ, ನರದ ಸುತ್ತಲಿನ ನಡುಭಾಗ ಮೊದಲನೆಯದು, ಅದರ ಹೊರಗಿನದು ಎರಡನೆಯದು; ಕಾಯಿಲೆ ಎಷ್ಟು ಬಲಿತಿದೆ ಎಂಬುದು ಹಂತ. ಮೊದಲ ವಲಯದಲ್ಲಿ ಪ್ಲಸ್‌ ಇದ್ದರೆ ಯಾವ ಹಂತವಾದರೂ, ಪ್ಲಸ್‌ ಇಲ್ಲದಿದ್ದರೂ ಮೂರನೇ ಹಂತವಾದರೆ, ಎರಡನೇ ವಲಯದಲ್ಲಿ ಪ್ಲಸ್‌ ಜೊತೆ ಎರಡು ಅಥವಾ ಮೂರನೇ ಹಂತವಿದ್ದರೆ 48–72 ಗಂಟೆಯೊಳಗೆ ಚಿಕಿತ್ಸೆ ಆಗಬೇಕು. ಉಳಿದವರಿಗೆ ರಕ್ತನಾಳ ಅಂಚು ಮುಟ್ಟುವವರೆಗೆ ಒಂದೆರಡು ವಾರಕ್ಕೊಮ್ಮೆ ತಪಾಸಣೆ. ಲೇಸರ್‌ ಬದಲು ಕಣ್ಣಿನೊಳಗೆ ಇಂಜೆಕ್ಷನ್‌ ಪಡೆದ ಮಗುವಿಗೆ ಕಾಯಿಲೆ ತಿಂಗಳುಗಳ ಮೇಲೂ ಮರಳಬಹುದು. ಗರ್ಭದ ವಾರಗಳನ್ನೂ ಸೇರಿಸಿ 65 ವಾರ ತುಂಬುವವರೆಗೆ ಅದರ ಹೆಸರನ್ನು ರಿಜಿಸ್ಟರಿನಿಂದ ಹೊಡೆಯುವುದಿಲ್ಲ.