ಅಡ್ಡ, ಬೇಳೆ, ವಾಸಿ

ಈ ಮೂರಕ್ಕೂ ಹೊಂದುವ ಒಂದೇ ಪದ ಹೇಳಿ. ಮುಂದೆ ಸೇರಿದರೂ ಸರಿ, ಹಿಂದೆ ಸೇರಿದರೂ ಸರಿ.

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಅಂಗಡಿ ಮುಂದೆ ಒಂದು ಕರಿಹಲಗೆ. ಅದರ ಮೇಲೆ ದಿನಾ ಬೆಳಿಗ್ಗೆ ಮೂರು ಪದ ಬರೆಯುತ್ತೇನೆ. ಮೂರಕ್ಕೂ ಅಂಟುವ ನಾಲ್ಕನೇ ಪದ ಯಾರು ಮೊದಲು ಹೇಳುತ್ತಾರೋ ಅವರಿಗೆ 5 ಪುಟ ಜೆರಾಕ್ಸ್ ಪುಕ್ಕಟೆ. ಮೇಲಿನದನ್ನು ಬರೆದ ದಿನ ಮಧ್ಯಾಹ್ನದ ತನಕ ಬಂದವರೆಲ್ಲ ಹೇಳಿದ್ದು ಒಂದೇ: ತೊಗರಿ. ಹೇಳದೆ ಇನ್ನೇನು ಮಾಡುತ್ತಾರೆ, ಊರೇ ತೊಗರಿ ಕಣಜ, 2019ರಲ್ಲಿ ನಮ್ಮ ತೊಗರಿಬೇಳೆಗೆ ಜಿಐ ಟ್ಯಾಗ್ ಬೇರೆ ಸಿಕ್ಕಿದೆ, ಬೇಳೆ ಅಂದ ಕೂಡಲೇ ನಮ್ಮವರ ಬಾಯಿಗೆ ಬೇರೆ ಪದ ಬರುವುದೇ ಇಲ್ಲ. "ಹಂಗಾದ್ರ ಅಡ್ಡತೊಗರಿ ಅಂದ್ರೇನ್ರಿ?" ಅಂತ ಕೇಳಿದೆ. ಪಹಣಿ ಜೆರಾಕ್ಸ್ ಮಾಡಿಸಲು ಬಂದಿದ್ದ ರೈತರೊಬ್ಬರು ಸ್ವಲ್ಪವೂ ನಗದೆ, "ಸಾಲು ಬಿಟ್ಟು ಅಡ್ಡ ಬಿತ್ತಿದ್ದು" ಅಂದರು.

ಉತ್ತರ ಹೆಸರು. ಅಡ್ಡಹೆಸರು, ಹೆಸರುಬೇಳೆ, ಹೆಸರುವಾಸಿ. ನಾನು ಇಲ್ಲಿಯವರೆಗೆ ಕಟ್ಟಿದ್ದರಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ಯಾಕೆ ಅಂದರೆ ಹೆಸರು ಅನ್ನೋದಕ್ಕೆ ಎರಡು ಅರ್ಥ, ಒಂದು ಕಾಳು, ಒಂದು ನಾಮ. ಬೇಳೆಯ ಕಡೆಯಿಂದ ಹೊರಟವರು ಕಾಳಿಗೆ ಹೋಗುತ್ತಾರೆ, ಅಡ್ಡದ ಕಡೆಯಿಂದ ಹೊರಟವರು ನಾಮಕ್ಕೆ ಹೋಗುತ್ತಾರೆ, ಇಬ್ಬರೂ ನಡುವೆ ಸಿಗುವುದು ತಡ. 'ವಾಸಿ' ಅಂತೂ ಒಂಟಿಯಾಗಿ ನಿಂತರೆ ಕಾಯಿಲೆ ವಾಸಿಯಾಯಿತು ಅನ್ನುವ ವಾಸಿಯ ಹಾಗೆ ಕಾಣುತ್ತದೆ. ಸಂಜೆ ಕಾಲೇಜಿನ ಹುಡುಗಿಯೊಬ್ಬಳು ಪೆನ್ ಡ್ರೈವ್ ಕೈಗೆ ಕೊಡುತ್ತಾ ಸುಮ್ನೆ ಹೇಳಿ ಬಿಟ್ಟಳು.

ಇದು ಶುರುವಾಗಿದ್ದು ಒಂದು ಏಪ್ರಿಲ್‌ನಲ್ಲಿ. ಕರೆಂಟ್ ಹೋದರೆ ಮಷಿನ್ ನಿಲ್ಲುತ್ತದೆ, ಗಿರಾಕಿಗಳು ನೆರಳಿಗೆ ನಿಂತು ನನ್ನ ಮುಖ ನೋಡುತ್ತಾರೆ. ಅವರನ್ನು ಹಿಡಿದಿಡಲು ಏನಾದರೂ ಬೇಕಿತ್ತು. ಅದೇ ಹೊತ್ತಿಗೆ ಬಿ.ಎಡ್. ವಿದ್ಯಾರ್ಥಿಯೊಬ್ಬ ಮನೋವಿಜ್ಞಾನದ ನೋಟ್ಸ್ ತಂದಿದ್ದ. ಅದರಲ್ಲಿ ಸಾರ್ನಾಫ್ ಮೆಡ್ನಿಕ್ ಅನ್ನುವ ಅಮೆರಿಕದ ಮನೋವಿಜ್ಞಾನಿಯ ಬಗ್ಗೆ ಒಂದು ಪುಟ ಇತ್ತು. ದೂರ ದೂರದ ವಿಷಯಗಳ ನಡುವೆ ನಂಟು ಕಾಣುವುದೇ ಸೃಜನಶೀಲತೆ ಅಂತ 1962ರಲ್ಲಿ ಆತ ಬರೆದಿದ್ದ, ಅದನ್ನು ಅಳೆಯಲು ಮೂರು ಪದ ಕೊಟ್ಟು ನಾಲ್ಕನೆಯದು ಕೇಳುವ ಪರೀಕ್ಷೆ ಮಾಡಿದ್ದ. ಈ ಜಾತಿಯ ಒಗಟಿಗೆ ಎಲ್ಲರೂ ಕೊಡುವ ಉದಾಹರಣೆ ಕಾಟೇಜ್, ಸ್ವಿಸ್, ಕೇಕ್. ಉತ್ತರ ಚೀಸ್. ನಾನು ಜಾಣನ ಹಾಗೆ ಅದನ್ನೇ ಕನ್ನಡಕ್ಕೆ ತಂದು 'ಗುಡಿಸಲು, ಸ್ವಿಸ್, ಕೇಕು' ಅಂತ ಬರೆದೆ. ಇಡೀ ದಿನ ಯಾರೂ ಬಾಯಿ ಬಿಡಲಿಲ್ಲ. ಗುಡಿಸಲು ಚೀಸ್ ಅಂತ ಯಾವ ಕನ್ನಡಿಗ ಅಂದಿದ್ದಾನೆ ಹೇಳಿ. ಅವತ್ತೇ ಗೊತ್ತಾಯಿತು, ಈ ಆಟವನ್ನು ಎಲ್ಲಿಂದಲೂ ಎತ್ತಿ ತರಲು ಆಗುವುದಿಲ್ಲ, ನಮ್ಮ ಬಾಯಲ್ಲಿ ಈಗಾಗಲೇ ಜೋಡಿಯಾಗಿರುವ ಪದಗಳಿಂದಲೇ ಕಟ್ಟಬೇಕು.

ಹಾಗಾಗಿ ಈಗ ನಾನು ಉತ್ತರದಿಂದ ಶುರು ಮಾಡುತ್ತೇನೆ. ಒಂದು ಹಳೇ ರಿಜಿಸ್ಟರ್ ಇದೆ. ಒಂದು ಪುಟಕ್ಕೆ ಒಂದು ಪದ. 'ಮನೆ' ಅಂತ ಬರೆದರೆ ಕೆಳಗೆ ಅರಮನೆ, ಸೆರೆಮನೆ, ಅಡುಗೆಮನೆ, ತವರುಮನೆ, ಮನೆಮಾತು, ಮನೆಗೆಲಸ, ಹೀಗೆ ನೆನಪಾದಾಗಲೆಲ್ಲ ಸೇರಿಸುತ್ತಾ ಹೋಗುತ್ತೇನೆ. 10-12 ಆದ ಮೇಲೆ ಮೂರನ್ನು ಆರಿಸುವುದು. ಮೂರೂ ಒಂದೇ ಓಣಿಯವು ಇರಬಾರದು. ಕಡಲೆ, ತೊಗರಿ, ಉದ್ದು ಅಂತ ಬರೆದು ಬೇಳೆ ಅನ್ನಿಸಿದರೆ ಅದು ಒಗಟಲ್ಲ, ಕಿರಾಣಿ ಚೀಟಿ. ಒಂದು ನೇರವಾಗಿರಲಿ, ಒಂದು ನುಡಿಗಟ್ಟಿನ ಕಡೆಯದಿರಲಿ, ಮೂರನೆಯದು ದಾರಿ ತಪ್ಪಿಸಲಿ. 'ಕನಸು, ದರೋಡೆ, ವೇಷ' ತಗೊಳ್ಳಿ. ಹಗಲುಗನಸು, ಹಗಲುದರೋಡೆ, ಹಗಲುವೇಷ. ಮೂರರಲ್ಲೂ ಹಗಲು ಇದೆ, ಆದರೆ ಮೂರು ಪದ ನೋಡಿದವರಿಗೆ ನೆನಪಾಗುವುದು ರಾತ್ರಿ.

ಕನಸು ಅಲ್ಲಿ ಗನಸು ಆಗಿದ್ದು ನೋಡಿದಿರಾ? ನಾನು ಬಹಳ ದಿನ ಒದ್ದಾಡಿದ್ದು ಇಲ್ಲೇ. ಕನ್ನಡದಲ್ಲಿ ಎರಡು ಪದ ಸೇರಿದರೆ ಇದ್ದ ಹಾಗೆ ಇರುವುದಿಲ್ಲ. ಕಣ್ಣಿಗೆ ನೀರು ಸೇರಿದರೆ ಕಣ್ಣೀರು, ಹೂವಿಗೆ ತೋಟ ಸೇರಿದರೆ ಹೂದೋಟ, ಮಳೆಗೆ ಕಾಲ ಸೇರಿದರೆ ಮಳೆಗಾಲ. ಶಾಲೆಯಲ್ಲಿ ಆದೇಶ ಸಂಧಿ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಕ ತ ಪ ಹೋಗಿ ಗ ದ ಬ ಬರುವುದು, ಅದು ಪರೀಕ್ಷೆಗೆ ಬಿಟ್ಟರೆ ಇನ್ನೆಲ್ಲೂ ಕೆಲಸಕ್ಕೆ ಬರಲ್ಲ ಅಂದುಕೊಂಡಿದ್ದೆ. ಈಗ ದಿನಾ ಅದೇ ಕೆಲಸ. 'ಮಳೆ, ಬರ, ಕೊನೆ' ಅಂತ ಬರೆದಾಗ ಒಬ್ಬ ಹುಡುಗ "ಗಾಲ" ಅಂದ. ತಪ್ಪು ಅನ್ನಲು ಮನಸ್ಸು ಬರಲಿಲ್ಲ, ಅವನ ಕಿವಿ ಸರಿಯಾಗೇ ಕೇಳಿದೆ. ಆದರೂ ನಿಯಮ ಇರಲಿ ಅಂತ ಹಲಗೆಯ ಮೂಲೆಯಲ್ಲಿ 'ಬಿಡಿ ಪದ ಹೇಳಬೇಕು' ಅಂತ ಬಣ್ಣದಲ್ಲಿ ಬರೆಸಿದೆ. ಕೊನೆಯ ಸ್ವರವೂ ಹೊಂದಬೇಕು. ಬರಗಾಲ ಬೇರೆ, ಬರಿಗಾಲು ಬೇರೆ. ಮೊದಲನೆಯದರಲ್ಲಿ ಇರುವುದು ಕಾಲ, ಎರಡನೆಯದರಲ್ಲಿ ಕಾಲು. ಇದರ ಮೇಲೆ ಒಂದು ದಿನ ಅರ್ಧ ಗಂಟೆ ವಾದ ಆಗಿದೆ.

ಇನ್ನೊಂದು ತಕರಾರು, ಯಾವುದು ಒಂದು ಪದ, ಯಾವುದು ಎರಡು? ಉಪ್ಪಿನಕಾಯಿ ಒಂದು ಪದವೇ? ಹಾಗಾದರೆ ಜೋಳದ ರೊಟ್ಟಿ? ಎರಡರಲ್ಲೂ ನಡುವೆ ಒಂದು ಬಾಲ ಇದೆ. ನಾನು ಕಂಡುಕೊಂಡ ಉಪಾಯ ಇಷ್ಟು: ನಡುವೆ 'ಬಿಸಿ' ತುರುಕಿ ನೋಡಿ. ಜೋಳದ ಬಿಸಿ ರೊಟ್ಟಿ ಅನ್ನಬಹುದು, ಹಸಿವೂ ಆಗುತ್ತದೆ. ಉಪ್ಪಿನ ಬಿಸಿ ಕಾಯಿ ಅಂದರೆ ಜನ ನಗುತ್ತಾರೆ. ನಡುವೆ ಜಾಗ ಬಿಡದ್ದು ಒಂದೇ ಪದ. ವ್ಯಾಕರಣದವರು ಒಪ್ಪುತ್ತಾರೋ ಇಲ್ಲವೋ, ನನ್ನ ಹಲಗೆಗೆ ಇದು ಸಾಕು.

ನಿವೃತ್ತ ಕನ್ನಡ ಮಾಸ್ತರರೊಬ್ಬರು ದಿನಾ ಬರುತ್ತಾರೆ. ಜೆರಾಕ್ಸ್ ಏನೂ ಇರುವುದಿಲ್ಲ, ಹಲಗೆ ಓದಲು ಬರುತ್ತಾರೆ, ಗೆದ್ದ ಪುಟಗಳು ಖಾತೆಯಲ್ಲಿ ಹಾಗೇ ಉಳಿದಿವೆ. ಒಂದು ದಿನ ನಾನು 'ದವಾ, ಬಂದಿ, ಕಾರ್' ಅಂತ ಬರೆದೆ. ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಾರು ಅಂದ ಮೇಲೆ ಡ್ರೈವರ್ ಇರಬೇಕು, ಗಾಡಿ ಇರಬೇಕು ಅಂತ ಹುಡುಗರು ಕೂಗುತ್ತಿದ್ದರು. ಅಷ್ಟರಲ್ಲಿ ಆಧಾರ್ ಕಾರ್ಡ್ ಜೆರಾಕ್ಸ್‌ಗೆ ಬಂದ ಆಟೋದವರು, ಮನೆಯಲ್ಲಿ ದಖನಿ ಮಾತಾಡುವವರು, ಆಟೋ ಬಂದ್ ಕೂಡ ಮಾಡದೆ "ಖಾನೆ" ಅಂದರು. ದವಾಖಾನೆ, ಬಂದೀಖಾನೆ, ಕಾರ್ಖಾನೆ. ಆ ಕಾರ್ ಅಂದರೆ ಕೆಲಸ, ಖಾನಾ ಅಂದರೆ ಮನೆ, ಕೆಲಸದ ಮನೆ. ಅವರಿಗೆ ಇದು ಒಗಟೇ ಅಲ್ಲ.

ಮಾಸ್ತರರಿಗೆ ಸ್ವಲ್ಪ ಬೇಜಾರಾಯಿತು ಅಂತ ಮರುದಿನ ಬೇಕಂತಲೇ 'ಅರ, ಸೆರೆ, ಅಡುಗೆ' ಬರೆದೆ. ಅವರು ರಸ್ತೆ ದಾಟುವಾಗಲೇ "ಮನೆ" ಅಂದರು. ಆಮೇಲೆ ಹಲಗೆ ಮುಂದೆ ನಿಂತು ನಿಧಾನಕ್ಕೆ, "ಅಲ್ಲೋ, ಸೆರೆಮನೆ ಅಂದ್ರೂ ಅದೇ, ಬಂದೀಖಾನೆ ಅಂದ್ರೂ ಅದೇ, ನಿನ್ನಿದೂ ಇವತ್ತಿಂದೂ ಒಂದೇ ಉತ್ತರ ಅಲ್ಲೇನು?" ಅಂದರು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಬೇರೆ ಬೇರೆ ಪುಟದಲ್ಲಿ ಬರೆದುಕೊಂಡಿದ್ದೆ. ನಿಜಾಮರ ಕಾಲದಿಂದ ಉರ್ದು ಕೇಳಿಕೊಂಡು ಬಂದ ಊರು ನಮ್ಮದು, ಇಲ್ಲಿ ಈಗಲೂ ಆಸ್ಪತ್ರೆಗಿಂತ ದವಾಖಾನೆಗೆ ಹೋಗುವವರೇ ಜಾಸ್ತಿ. ಇಂಥ ಜೋಡಿ ಇನ್ನಷ್ಟು ಸಿಗುತ್ತವೆ ಅಂತ ಈಗ ಹುಡುಕುತ್ತಿದ್ದೇನೆ. 'ಪಾಲು, ಜವಾಬ್, ಸೂಜಿ' ಸಿಕ್ಕಿದೆ. ಪಾಲುದಾರ, ಜವಾಬ್ದಾರ, ಸೂಜಿದಾರ. ಎರಡರಲ್ಲಿ ದಾರ ಪಾರಸಿಯ ಬಾಲ, ಒಂದರಲ್ಲಿ ಹೊಲಿಯುವ ನೂಲು. ಸ್ವಲ್ಪ ಮೋಸ ಅನ್ನಿ.

ಮೋಸ ಅಂದಾಗ ನೆನಪಾಯಿತು, ಮಾಸ್ತರರು ಇಂಥವನ್ನು ಅರಿಸಮಾಸ ಅಂತ ಬೈಯುತ್ತಾರೆ. ಸಂಸ್ಕೃತಕ್ಕೂ ಕನ್ನಡಕ್ಕೂ ಸಮಾಸ ಮಾಡಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿಟ್ಟಂತೆ ಅಂತ ಕವಿರಾಜಮಾರ್ಗ ಹೇಳಿದೆ, ಅದೂ 9ನೇ ಶತಮಾನದಲ್ಲಿ. ಅದು ಹುಟ್ಟಿದ್ದು ನೃಪತುಂಗನ ಆಸ್ಥಾನದಲ್ಲಿ, ಆತನ ರಾಜಧಾನಿ ಮಾನ್ಯಖೇಟ ಅಂದರೆ ಸೇಡಂ ದಾರಿಯಲ್ಲಿ ಸಿಗುವ ನಮ್ಮ ಮಳಖೇಡ. ಹಾಲು ಒಡೆದು ಸಾವಿರದ ಮೇಲೆ ವರ್ಷ ಆಯಿತು, ನಾವು ಅದರದೇ ಪನೀರ್ ಮಾಡಿಕೊಂಡು ತಿನ್ನುತ್ತಿದ್ದೇವೆ ಅಂತ ನಾನು ಹೇಳಿದೆ. ಅವರು ನಕ್ಕರು, ಒಪ್ಪಲಿಲ್ಲ. ಮಾರನೇ ದಿನ ಅವರ ಮರ್ಯಾದೆಗೆ 'ಹಳೆ, ನಡು, ಹೊಸ' ಬರೆದೆ. ಉತ್ತರ ನೀವೇ ಹೇಳಬಲ್ಲಿರಿ.

ನಾನು ಸೋತ ದಿನಗಳೂ ಇವೆ. 'ಕೈ, ತಲೆ, ಹಣೆ' ಬರೆದಾಗ ನನ್ನ ಮನಸ್ಸಲ್ಲಿ ಇದ್ದದ್ದು ಬರಹ. ಕೈಬರಹ, ತಲೆಬರಹ, ಹಣೆಬರಹ. ನೋಡಿದರೆ ಮೈಯ ಭಾಗಗಳು, ಉತ್ತರಕ್ಕೂ ಮೈಗೂ ಸಂಬಂಧ ಇಲ್ಲ, ಬಹಳ ಚೆನ್ನಾಗಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಮೊದಲು ಬಂದ ಹುಡುಗ "ಪಟ್ಟಿ" ಅಂದ. ಹಣೆಪಟ್ಟಿ, ತಲೆಪಟ್ಟಿ, ಕೈಪಟ್ಟಿ. ಇಲ್ಲ ಅನ್ನಲು ಬಾಯಿ ತೆರೆದೆ, ಹಾಗೇ ಮುಚ್ಚಿದೆ. ಹತ್ತು ನಿಮಿಷಕ್ಕೆ ಇನ್ನೊಬ್ಬ "ನೋವು" ಅಂದ. ಹಣೆ ನೋಯುವುದನ್ನು ಹಣೆನೋವು ಅಂತ ಯಾರೂ ಅನ್ನಲ್ಲ ಅಂತ ಅವನನ್ನು ಕಳಿಸಿದೆ. ಬರಹ ಅಂದವಳು ಮೂರನೆಯವಳು. ಪಟ್ಟಿಗೆ 5 ಪುಟ, ಬರಹಕ್ಕೆ 5 ಪುಟ. ಆಮೇಲೆ ತಲೆ ತೆಗೆದು ಗೋಡೆ ಹಾಕಿದೆ, ಗೋಡೆಬರಹ. ಈಗ ಪಟ್ಟಿ ಕೂರುವುದಿಲ್ಲ. ಅಂದಿನಿಂದ ಹಲಗೆಗೆ ಹೋಗುವ ಮೊದಲು ಒಗಟನ್ನು ರಾತ್ರಿ ಮನೆಯಲ್ಲಿ ಕೇಳುತ್ತೇನೆ, ಬರೆದು ತೋರಿಸುವುದಿಲ್ಲ, ಬಾಯಲ್ಲಿ ಹೇಳುತ್ತೇನೆ. ಹೆಂಡತಿ ರೊಟ್ಟಿ ಬಡಿಯುತ್ತಾ ಎರಡನೇ ಉತ್ತರ ಕೊಟ್ಟರೆ ಅದು ಅಲ್ಲಿಗೇ ರದ್ದು.

ಆದರೂ ತಪ್ಪುತ್ತದೆ. ಮೇ ತಿಂಗಳಲ್ಲಿ, ಹೊರಗೆ 43 ಡಿಗ್ರಿ, ಸಮಯಕ್ಕೆ ಸರಿಯಾಗಿದೆ ಅಂತ 'ಕುದುರೆ, ಕೋಲು, ಮಚ್ಚು' ಬರೆದೆ. ಬಿಸಿಲುಕುದುರೆ, ಬಿಸಿಲುಕೋಲು, ಬಿಸಿಲುಮಚ್ಚು. ಬಿಸಿಲಲ್ಲೇ ನಿಂತು ಬೆವರುತ್ತಿದ್ದವರಿಗೆ ಬಿಸಿಲು ಹೊಳೆಯಲಿಲ್ಲ. ತಪ್ಪು ನನ್ನದೇ. ಬಿಸಿಲುಮಚ್ಚು ನಾನು ಓದಿ ಕಲಿತ ಪದ, ನಮ್ಮ ಕಡೆ ಅದು ಮಾಳಿಗಿ. ಇಲ್ಲಿ ಮಚ್ಚು ಅಂದರೆ ಕಡಿಯುವ ಮಚ್ಚು. ಕುದುರೆ, ಕೋಲು, ಮಚ್ಚು ಮೂರೂ ಸೇರಿ ಅಂಗಡಿ ಮುಂದೆ ಏನೋ ಹೊಡೆದಾಟ ನಡೆದಿದೆ ಅನ್ನುವ ಹಾಗೆ ಇತ್ತು. "ಯಾರಿಗಿ ಹೊಡ್ಯಾವ್ರು ಇದ್ದೀರಿ?" ಅಂತ ಪಕ್ಕದ ಚಹಾದಂಗಡಿಯವರು ಕೇಳಿದರು. ಮಚ್ಚು ಅಳಿಸಿ ಮಳೆ ಬರೆದ ಮೇಲೆ ಐದು ನಿಮಿಷದಲ್ಲಿ ಉತ್ತರ ಬಂತು. ಮೈಸೂರಿನ ಗೆಳೆಯನಿಗೆ ಫೋಟೋ ಕಳಿಸಿದರೆ ಉಲ್ಟಾ ಆಗುತ್ತದೆ. 'ಅಂಚೆ, ಮತ, ಕಡ್ಡಿ' ಕಳಿಸಿದೆ, ಉತ್ತರ ಪೆಟ್ಟಿಗೆ. ಅವನಿಗೆ ಮೂರನೆಯದು ಹತ್ತಲಿಲ್ಲ, ನಮ್ಮ ಕಡ್ಡಿಪೆಟ್ಟಿಗೆ ಅವನ ಮನೆಯಲ್ಲಿ ಬೆಂಕಿಪೊಟ್ಟಣ.

ಈಗ ಒಂದು ವಾರದಿಂದ ಹಲಗೆಗೆ ಹೋಗದೆ ರಿಜಿಸ್ಟರ್‌ನಲ್ಲೇ ಕೂತಿರುವುದು 'ಕಲ್ಲು, ಕಾಯಿ, ಹಿಟ್ಟು'. ಕಲ್ಲುಪ್ಪು, ಉಪ್ಪಿನಕಾಯಿ, ಉಪ್ಪಿಟ್ಟು. ಉಪ್ಪು ಹಿಟ್ಟು ಸೇರಿ ಉಪ್ಪಿಟ್ಟು ಅಂತ ಮಾಸ್ತರರು. ಹಿಟ್ಟೆಲ್ಲಿ ಬಂತು, ಅದು ರವಾ, ಉಪ್ಪು ಇಟ್ಟು ಮಾಡಿದ್ದಕ್ಕೆ ಉಪ್ಪಿಟ್ಟು ಅಂತ ಚಹಾದಂಗಡಿಯವರು. ದಿನಾ ಬೆಳಿಗ್ಗೆ ಎರಡು ಬೋಗುಣಿ ಮಾಡುವವರು ಅವರು, ಅವರ ಮಾತು ತೆಗೆದು ಹಾಕುವುದು ಹೇಗೆ? ಮಾಸ್ತರರು ಮನೆಯಿಂದ ನಿಘಂಟು ತರುತ್ತೇನೆ ಅಂದಿದ್ದಾರೆ. ಅಲ್ಲಿಯವರೆಗೆ 'ಕಲ್ಲು, ಕಾಯಿ' ಅಂತ ಎರಡೇ ಬರೆದು ಮೂರನೆಯದರ ಜಾಗ ಖಾಲಿ ಬಿಟ್ಟಿದ್ದೇನೆ.