ಕೊಡಗಿನ ಮನೆಗೆ ಸೋಲಾರ್ ಪ್ಯಾನೆಲ್: ಹೋಲಿಸಿ ಆರಿಸುವ ಬಗೆ

ಮನೆಯ ಮಾಡಿಗೆ ಸೋಲಾರ್ ಹಾಕಿಸಲು ಹೊರಟವರ ಕೈಗೆ ಸಾಮಾನ್ಯವಾಗಿ ಎರಡು ಮೂರು ಕೊಟೇಶನ್‌ಗಳು ಬಂದು ಸೇರುತ್ತವೆ. ಒಂದರಲ್ಲಿ 550 ವ್ಯಾಟ್‌ನ ಮೊನೊ ಪರ್ಕ್, ಇನ್ನೊಂದರಲ್ಲಿ 580 ವ್ಯಾಟ್‌ನ ಟಾಪ್‌ಕಾನ್, ಮತ್ತೊಂದರಲ್ಲಿ ಹಿಂಬದಿಯಿಂದಲೂ ಬೆಳಕು ಹೀರುವ ಬೈಫೇಶಿಯಲ್ ಎಂದು ಬರೆದಿರುತ್ತದೆ. ಪರ್ಕ್, ಟಾಪ್‌ಕಾನ್ ಎಂದರೆ ಬೆಳಕನ್ನು ಕರೆಂಟ್ ಮಾಡುವ ಸೆಲ್‌ಗಳ ಎರಡು ಬಗೆ. ಕೊಟೇಶನ್‌ನ ಕೆಳಗೆ ಒಂದು ಒಟ್ಟು ಮೊತ್ತ. ಈ ವಿವರಗಳನ್ನು ಬರೆದವರ ಮನಸ್ಸಿನಲ್ಲಿರುವುದು ಬಯಲುಸೀಮೆಯ ಬಿಸಿಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದು ಕೂರುವ, ಅಂಗಳದಾಚೆಗೇ ಸಿಲ್ವರ್ ಓಕ್ ಎದ್ದು ನಿಂತಿರುವ ನಮ್ಮ ಮನೆಗಳಿಗೆ ಹೋಲಿಕೆಯ ಕ್ರಮವನ್ನೇ ತಿರುಗಿಸಿಕೊಳ್ಳಬೇಕಾಗುತ್ತದೆ: ಮೊದಲು ನೆರಳು, ಅನಂತರ ತೇವ, ಆಮೇಲೆ ಬೆಲೆ ಮತ್ತು ವಾರಂಟಿ, ಎಲ್ಲಕ್ಕಿಂತ ಕೊನೆಗೆ ದಕ್ಷತೆಯ ಶೇಕಡಾವಾರು.

ಮಡಿಕೇರಿಯ ಅಕ್ಷಾಂಶ ಸುಮಾರು 12.4 ಡಿಗ್ರಿ ಉತ್ತರ. ಡಿಸೆಂಬರ್ ಕೊನೆಯ ವಾರದಲ್ಲಿ ಸೂರ್ಯ ನಡುಹಗಲಿನಲ್ಲೂ ದಕ್ಷಿಣಕ್ಕೆ ವಾಲಿಕೊಂಡು ಸುಮಾರು 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಹೀಗಾಗಿ 60 ಅಡಿ ಎತ್ತರದ ಸಿಲ್ವರ್ ಓಕ್ ಮರವೊಂದು ಸಮತಟ್ಟಾದ ನೆಲದ ಮೇಲೆ ಮಧ್ಯಾಹ್ನ ಸುಮಾರು 43 ಅಡಿ ಉದ್ದದ ನೆರಳು ಚೆಲ್ಲಿದರೆ, ಬೆಳಗ್ಗೆ ಒಂಬತ್ತೂವರೆಯ ಹೊತ್ತಿಗೆ ಅದೇ ನೆರಳು 90 ಅಡಿಯಷ್ಟು ಚಾಚಿಕೊಂಡಿರುತ್ತದೆ. ಮಳೆಗಾಲದಲ್ಲಿ ಹೇಗೂ ಉತ್ಪಾದನೆ ಕುಸಿಯುವುದರಿಂದ ವರ್ಷದ ಗಳಿಕೆಯ ದೊಡ್ಡ ಪಾಲು ಬರುವುದು ಡಿಸೆಂಬರ್‌ನಿಂದ ಮೇ ತಿಂಗಳವರೆಗಿನ ಬಿಸಿಲಿನಲ್ಲಿ; ಆ ಅವಧಿಯ ಮೊದಲ ಭಾಗದಲ್ಲೇ ನೆರಳು ಅತಿ ಉದ್ದವಾಗಿರುತ್ತದೆಂಬುದನ್ನು ಮರೆಯಬಾರದು. ಸಾಧ್ಯವಿದ್ದವರು ಡಿಸೆಂಬರ್ ಅಥವಾ ಜನವರಿಯ ಒಂದು ತಿಳಿಯಾದ ದಿನ ಬೆಳಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡೂವರೆ ಮತ್ತು ಮೂರು ಗಂಟೆಗೆ ಮಾಡಿನ ಫೋಟೊ ತೆಗೆದಿಟ್ಟುಕೊಳ್ಳಬೇಕು. ಆ ಮೂರು ಫೋಟೊಗಳು ಯಾವ ಕಂಪನಿಯ ಕರಪತ್ರಕ್ಕಿಂತಲೂ ಹೆಚ್ಚು ಹೇಳುತ್ತವೆ. ವರ್ಷವರ್ಷವೂ ಮರ ಕಪಾತು ಮಾಡುತ್ತೇವಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಕಪಾತು ನಡೆಯುವುದು ಮಳೆಗೆ ಮುಂಚೆ, ಚಿಗುರು ತುಂಬಿಕೊಂಡಿರುವುದು ಡಿಸೆಂಬರ್‌ನಲ್ಲಿ. ಮರದ ಮೇಲೆ ಕರಿಮೆಣಸಿನ ಬಳ್ಳಿ ಹಬ್ಬಿದ್ದರಂತೂ ಮರವನ್ನು ಕಡಿಯುವ ಮಾತೇ ಇಲ್ಲ.

ನೆರಳನ್ನು ಪೂರ್ತಿ ತಪ್ಪಿಸಲಾಗದ ಮನೆಗಳಲ್ಲಿ ಪ್ಯಾನೆಲ್‌ನ ಒಳರಚನೆ ಮುಖ್ಯವಾಗುತ್ತದೆ. ಹಳೆಯ ಮಾದರಿಯ ಪೂರ್ಣ ಸೆಲ್‌ಗಳ ಪ್ಯಾನೆಲ್ ಅನ್ನು ಉದ್ದುದ್ದವಾಗಿ ನಿಲ್ಲಿಸಿದಾಗ ಕೆಳಗಿನ ಒಂದೇ ಸಾಲಿನ ಸೆಲ್‌ಗಳಿಗೆ ನೆರಳು ಬಿದ್ದರೂ ಬಹುಮಟ್ಟಿಗೆ ಇಡೀ ಪ್ಯಾನೆಲ್ ಮಲಗಿಬಿಡುತ್ತದೆ. ಸೆಲ್‌ಗಳನ್ನು ಅರ್ಧಕ್ಕೆ ಕತ್ತರಿಸಿ ಜೋಡಿಸಿರುವ ಹಾಫ್ ಕಟ್ ಪ್ಯಾನೆಲ್‌ನಲ್ಲಿ ಮೇಲರ್ಧ ಮತ್ತು ಕೆಳಗರ್ಧ ಬೇರೆ ಬೇರೆಯಾಗಿ ದುಡಿಯುವುದರಿಂದ, ಕೆಳಗೆ ನೆರಳಿದ್ದರೂ ಮೇಲಿನ ಅರ್ಧ ಕೆಲಸ ಮಾಡುತ್ತಲೇ ಇರುತ್ತದೆ. ಕೊಟೇಶನ್‌ನಲ್ಲಿ 144 ಹಾಫ್ ಕಟ್ ಸೆಲ್ ಎಂದಿದೆಯೇ ನೋಡಬೇಕು. ಇದಕ್ಕಿಂತ ಹಳೆಯದನ್ನು ಈಗ ಕೊಳ್ಳಲು ಕಾರಣವಿಲ್ಲ. ಹಾಗೆಂದು ಹಾಫ್ ಕಟ್ ಎಲ್ಲ ನೆರಳನ್ನೂ ಗೆಲ್ಲುವುದಿಲ್ಲ. ನಮ್ಮ ಮನೆಯಲ್ಲಿ ಟಿವಿ ಡಿಶ್‌ನ ನೆರಳು ಒಂದು ಪ್ಯಾನೆಲ್‌ನ ಮೂಲೆಯ ಕೆಲವು ಸೆಲ್‌ಗಳ ಮೇಲೆ ಮಾತ್ರ ಬೀಳುತ್ತಿತ್ತು, ಜೋಡಿಸಿಕೊಟ್ಟವರು ಅದೇನೂ ತೊಂದರೆಯಿಲ್ಲ ಎಂದಿದ್ದರು. ಡಿಶ್ ಕಳಚಿ ಗೋಡೆಗೆ ಸರಿಸಿದ ಅರೆ ನಿಮಿಷದಲ್ಲೇ ಇನ್ವರ್ಟರ್ ಪರದೆಯ ಅಂಕಿ ಮೇಲೇರಿದ್ದನ್ನು ನಾನು ನಿಂತು ನೋಡಿದೆ. ಬೇರೆ ಬೇರೆ ಪ್ಯಾನೆಲ್‌ಗಳಿಗೆ ಬೇರೆ ಬೇರೆ ಹೊತ್ತಿನಲ್ಲಿ ನೆರಳು ಬೀಳುವ ಮನೆಯಾದರೆ ದುಬಾರಿ ಪ್ಯಾನೆಲ್‌ಗೆ ಕೊಡುವ ಹಣವನ್ನು ಪ್ರತಿ ಪ್ಯಾನೆಲ್ ಬೇರೆ ಬೇರೆಯಾಗಿ ದುಡಿಯುವಂತೆ ಮಾಡುವ ಆಪ್ಟಿಮೈಸರ್ ಅಥವಾ ಮೈಕ್ರೋ ಇನ್ವರ್ಟರ್‌ಗೆ ಹಾಕುವುದು ಲೇಸು.

ಇನ್ನು ಪ್ಯಾನೆಲ್‌ನ ಬೆನ್ನಿಗೆ ಅಂಟಿಸಿರುವ ಚೀಟಿಯ ಅಂಕಿಗಳು. ಅಲ್ಲಿರುವ ವ್ಯಾಟ್ ಲೆಕ್ಕ ಪ್ರಯೋಗಾಲಯದ್ದು: ಚದರ ಮೀಟರ್‌ಗೆ 1000 ವ್ಯಾಟ್ ಬೆಳಕು, ಸೆಲ್‌ನ ಉಷ್ಣತೆ 25 ಡಿಗ್ರಿ. ದಕ್ಷತೆಯೆಂದರೆ ಆ ವ್ಯಾಟ್ ಅನ್ನು ಪ್ಯಾನೆಲ್‌ನ ವಿಸ್ತೀರ್ಣದಿಂದ ಭಾಗಿಸಿ ಬಂದದ್ದು ಆ 1000 ವ್ಯಾಟ್‌ನಲ್ಲಿ ಶೇಕಡಾ ಎಷ್ಟು ಎಂಬುದು, ಅಷ್ಟೇ. 2278 ಮಿಲಿಮೀಟರ್ ಉದ್ದ, 1134 ಮಿಲಿಮೀಟರ್ ಅಗಲದ ಪ್ಯಾನೆಲ್ 550 ವ್ಯಾಟ್‌ನದಾದರೆ ದಕ್ಷತೆ ಶೇಕಡಾ 21.3, ಅದೇ ಅಳತೆಯಲ್ಲಿ 580 ವ್ಯಾಟ್‌ನದಾದರೆ ಶೇಕಡಾ 22.5. ಮಾಡಿನಲ್ಲಿ ಜಾಗ ಇಕ್ಕಟ್ಟಾಗಿದ್ದವರಿಗೆ ಈ ವ್ಯತ್ಯಾಸಕ್ಕೆ ಬೆಲೆಯಿದೆ. ಕಾಫಿ ಕಣದ ಪಕ್ಕದಲ್ಲಿ ಶೆಡ್ಡಿನ ಮಾಡು ಖಾಲಿ ಬಿದ್ದಿರುವವರಿಗೆ ಇಲ್ಲ.

ಟಾಪ್‌ಕಾನ್ ಮಾರುವವರು ಮೊದಲು ಹೇಳುವ ಮಾತು ಉಷ್ಣಾಂಶ ಗುಣಾಂಕದ್ದು. ಸೆಲ್ 25 ಡಿಗ್ರಿಗಿಂತ ಬಿಸಿಯಾದಂತೆಲ್ಲ, ಪ್ರತಿ ಡಿಗ್ರಿಗೆ ಪರ್ಕ್ ಪ್ಯಾನೆಲ್ ತನ್ನ ಶಕ್ತಿಯಲ್ಲಿ ಶೇಕಡಾ 0.35ರಷ್ಟನ್ನೂ ಟಾಪ್‌ಕಾನ್ ಶೇಕಡಾ 0.30ರಷ್ಟನ್ನೂ ಕಳೆದುಕೊಳ್ಳುತ್ತದೆ. ಮಾರ್ಚ್‌ನ ಬಿಸಿಲಿನಲ್ಲಿ ಕುಶಾಲನಗರದ ಕಡೆ ಸೆಲ್ 60 ಡಿಗ್ರಿಗೆ ಕಾಯ್ದರೆ ಪರ್ಕ್‌ಗೆ ಶೇಕಡಾ 12.25, ಟಾಪ್‌ಕಾನ್‌ಗೆ 10.5 ನಷ್ಟ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿರುವ ಮಡಿಕೇರಿಯ ತಂಗಾಳಿಯಲ್ಲಿ ಸೆಲ್ 45 ಡಿಗ್ರಿಯಲ್ಲೇ ನಿಂತರೆ ಈ ನಷ್ಟ 7 ಮತ್ತು 6. ಇಬ್ಬರ ನಡುವೆ ಉಳಿಯುವುದು ಶೇಕಡಾ ಒಂದು, ಅಂದರೆ ಪ್ಯಾನೆಲ್‌ಗೆ ಐದಾರು ವ್ಯಾಟ್. ರಾಯಚೂರಿನವರಿಗೆ ಮನವರಿಕೆಯಾಗಬೇಕಾದ ವಾದವನ್ನು ನಮಗೆ ಯಾರಾದರೂ ಒಪ್ಪಿಸುತ್ತಿದ್ದರೆ ಕೇಳಿ ಸುಮ್ಮನಿದ್ದರಾಯಿತು.

ಎರಡನೆಯ ಮಾತು, ಮಳೆಗಾಲದಲ್ಲೂ ಕರೆಂಟ್ ಬರುತ್ತದೆ ಎಂಬುದು. ಬರುವುದು ನಿಜ, ಆದರೆ ಎಷ್ಟು ಎಂದು ಕೇಳಬೇಕು. ದಟ್ಟ ಮೋಡದಡಿ ಬೆಳಕು ಚದರ ಮೀಟರ್‌ಗೆ 200 ವ್ಯಾಟ್‌ಗೆ ಇಳಿದಿದೆ ಎಂದಿಟ್ಟುಕೊಂಡರೆ 550 ವ್ಯಾಟ್‌ನ ಪ್ಯಾನೆಲ್‌ನಿಂದ ಹುಟ್ಟುವುದು 105 ವ್ಯಾಟ್ ಸುಮಾರು; ಆರು ಪ್ಯಾನೆಲ್ ಸೇರಿದರೂ ಒಂದು ಮಿಕ್ಸಿ ಓಡುವಷ್ಟು. ಮಂದ ಬೆಳಕಿನಲ್ಲಿ ಒಂದು ಒಳ್ಳೆಯ ಪ್ಯಾನೆಲ್‌ಗೂ ಇನ್ನೊಂದು ಒಳ್ಳೆಯ ಪ್ಯಾನೆಲ್‌ಗೂ ಇರುವ ಅಂತರ ಶೇಕಡಾ ಒಂದೆರಡು ಮಾತ್ರ. ಆಟಿಯಲ್ಲಿ ಕಡಿಮೆಯಾಗುವುದು ಬೆಳಕೇ ಹೊರತು ಪ್ಯಾನೆಲ್‌ನ ಗುಣವಲ್ಲ.

ಪ್ಯಾನೆಲ್‌ನ ಗುಣ ನಿಜವಾಗಿ ಪರೀಕ್ಷೆಗೊಳಗಾಗುವುದು ತೇವದಲ್ಲಿ. ಐಇಸಿ 61215 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಪ್ಯಾನೆಲ್ ಅನ್ನು 85 ಡಿಗ್ರಿ ಉಷ್ಣತೆ ಮತ್ತು ಶೇಕಡಾ 85 ಆರ್ದ್ರತೆಯಲ್ಲಿ 1000 ಗಂಟೆ ಇಟ್ಟು ನೋಡುವ ಪರೀಕ್ಷೆಯಿದೆ. ಭಾರತದಲ್ಲಿ ಇದಕ್ಕೆ ಸಮನಾದದ್ದು ಐಎಸ್ 14286. ಸುರಕ್ಷತೆಗೆ ಐಇಸಿ 61730. ಈ ಸಂಖ್ಯೆಗಳು ಕಂಪನಿ ಕೊಡುವ ವಿವರಪಟ್ಟಿಯಾದ ಡೇಟಾಶೀಟ್‌ನಲ್ಲಿರಲೇಬೇಕು. ಹಿಂಬದಿಯಲ್ಲಿ ಪ್ಲಾಸ್ಟಿಕ್ ಹಾಳೆಯಿರುವ ಪ್ಯಾನೆಲ್‌ಗಿಂತ ಎರಡೂ ಕಡೆ ಗಾಜಿರುವ ಪ್ಯಾನೆಲ್ ತೇವವನ್ನು ಹೆಚ್ಚು ಚೆನ್ನಾಗಿ ತಡೆಯುತ್ತದೆ. ಟಾಪ್‌ಕಾನ್ ಸೆಲ್‌ಗಳಿಗೆ ತೇವ ಪರ್ಕ್‌ಗಿಂತ ಬೇಗ ತಾಗುವುದರಿಂದ ಟಾಪ್‌ಕಾನ್ ಕೊಳ್ಳುವವರು ಎರಡು ಗಾಜಿನದ್ದನ್ನೇ ಕೇಳಬೇಕು. ಇದಕ್ಕೊಂದು ಮರುಮಗ್ಗುಲೂ ಇದೆ. ಒಂದೇ ಗಾಜಿನ ಪ್ಯಾನೆಲ್‌ನಲ್ಲಿ ಮುಂದಿನ ಗಾಜು ಸಾಮಾನ್ಯವಾಗಿ 3.2 ಮಿಲಿಮೀಟರ್ ದಪ್ಪವಿದ್ದರೆ ಎರಡು ಗಾಜಿನದ್ದರಲ್ಲಿ ತಲಾ 2 ಮಿಲಿಮೀಟರ್ ಮಾತ್ರ, ತೂಕವೂ 28 ಕಿಲೋದಿಂದ 32ಕ್ಕೆ ಏರುತ್ತದೆ. ಮಾಡಿನ ಮೇಲೆಯೇ ಕೊಂಬೆ ಚಾಚಿಕೊಂಡಿರುವ ಮನೆಗೆ ಆ ತೆಳು ಗಾಜು ತಕ್ಕುದಲ್ಲ. ಬೈಫೇಶಿಯಲ್‌ನ ಹಿಂಬದಿ ಲಾಭ ಹಂಚಿಗೆ ಅಂಟಿಕೊಂಡಂತೆ ಕೂರಿಸಿದಾಗ ಲೆಕ್ಕಕ್ಕೆ ಸಿಗುವುದಿಲ್ಲ. ಬಿಳಿ ಬಳಿದ ತಾರಸಿಯ ಮೇಲೆ ಎತ್ತರದ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಸಿಗುತ್ತದೆ. ಹಟ್ಟಿಯ ಅಥವಾ ಹಂದಿಗೂಡಿನ ಮಾಡಿನ ಮೇಲೆ ಹಾಕುವವರು ಅಮೋನಿಯಾ ತಡೆಯುವ ಪರೀಕ್ಷೆಯಾದ ಐಇಸಿ 62716 ಆಗಿದೆಯೇ ಎಂದೂ ವಿಚಾರಿಸಬೇಕು.

ಪಾಚಿಯ ವಿಷಯ ಯಾವ ಡೇಟಾಶೀಟ್‌ನಲ್ಲೂ ಇರುವುದಿಲ್ಲ. ಪ್ಯಾನೆಲ್‌ನ ಕೆಳಅಂಚಿನಲ್ಲಿ ಅಲ್ಯೂಮಿನಿಯಂ ಚೌಕಟ್ಟು ಗಾಜಿಗಿಂತ ಕೂದಲೆಳೆಯಷ್ಟು ಎತ್ತರದಲ್ಲಿರುತ್ತದೆ; ಅಲ್ಲಿ ನಿಂತ ನೀರಿಗೆ ಧೂಳು ಸೇರಿ, ಓಕ್‌ನ ಒಣಗಿದ ಎಲೆ ಸಿಕ್ಕಿಕೊಂಡು, ಆಗಸ್ಟ್ ಹೊತ್ತಿಗೆ ಒಂದು ಹಸಿರು ಗೆರೆ ಮೂಡುತ್ತದೆ. ಮಳೆ ನಿಂತ ಮೇಲೆ ಗೆರೆ ಕಪ್ಪಾಗಿ ಗಟ್ಟಿಯಾಗುತ್ತದೆ ಮತ್ತು ಕೆಳಸಾಲಿನ ಸೆಲ್‌ಗಳಿಗೆ ಅದು ಕಾಯಂ ನೆರಳು. ಇಳಿಜಾರು 10ರಿಂದ 15 ಡಿಗ್ರಿಗಿಂತ ಕಡಿಮೆಯಾಗದಂತೆ ನೋಡಿಕೊಂಡರೆ ನೀರು ಹರಿದುಹೋಗುತ್ತದೆ. ಹಂಚಿನ ಮಾಡಿಗೆ ಈ ಇಳಿಜಾರು ತಾನಾಗಿಯೇ ಇದೆ. ತಾರಸಿಯ ಮೇಲೆ ಗಾಳಿಗೆ ಹೆದರಿ ಮಟ್ಟಸವಾಗಿ ಮಲಗಿಸುವವರು ಈ ತಪ್ಪು ಮಾಡುತ್ತಾರೆ. ಗಾಳಿಗೆ ಪ್ಯಾನೆಲ್‌ನ ಹಿಂಬದಿ 2400 ಪಾಸ್ಕಲ್ ಒತ್ತಡ ತಡೆಯುತ್ತದೆಂಬುದು ಬಹುತೇಕ ಎಲ್ಲ ಕಂಪನಿಗಳ ಹೇಳಿಕೆ. ಹಾರಿಹೋಗುವುದು ಪ್ಯಾನೆಲ್‌ನ ದೋಷದಿಂದಲ್ಲ, ಹಿಡಿದ ಕ್ಲ್ಯಾಂಪು ಸಡಿಲವಾಗಿ. ಹಳೆಯ ಮನೆಗಳಲ್ಲಿ ಬೋಲ್ಟನ್ನು ಹಂಚಿಗೂ ರೀಪಿಗೂ ಅಲ್ಲ, ಪಕಾಸಿಗೇ ಇಳಿಸಬೇಕು. ಅದಕ್ಕೂ ಮುನ್ನ ಮೇಸ್ತ್ರಿಯಿಂದ ಪಕಾಸಿನಲ್ಲಿ ಗೆದ್ದಲಿದೆಯೇ ನೋಡಿಸಬೇಕು.

ಬೆಲೆಯನ್ನು ಹೋಲಿಸಲು ಪ್ಯಾನೆಲ್, ಇನ್ವರ್ಟರ್, ಸ್ಟ್ಯಾಂಡ್, ಕೇಬಲ್ ಮತ್ತು ಅರ್ಥಿಂಗ್, ಕೂಲಿ ಇವುಗಳನ್ನು ಬಿಡಿಬಿಡಿಯಾಗಿ ಬರೆಸಿಕೊಂಡು ಪ್ಯಾನೆಲ್‌ನ ಬೆಲೆಯನ್ನು ವ್ಯಾಟ್‌ನಿಂದ ಭಾಗಿಸಬೇಕು. ನನ್ನ ಕೈಗೆ ಬಂದ ಮೊದಲ ಕೊಟೇಶನ್‌ನಲ್ಲಿ ಮಾದರಿ ಸಂಖ್ಯೆಯೇ ಇರಲಿಲ್ಲ, ಟಿಯರ್ ಒನ್ ಕಂಪನಿ ಎಂದಷ್ಟೇ ಇತ್ತು. ಬ್ಲೂಮ್‌ಬರ್ಗ್ ಎನ್‌ಇಎಫ್ ಮಾಡುವ ಆ ಪಟ್ಟಿ ಬ್ಯಾಂಕುಗಳು ಸಾಲ ಕೊಡಲು ನೆಚ್ಚಬಹುದಾದ ಕಂಪನಿಗಳದ್ದು, ಪ್ಯಾನೆಲ್‌ನ ಗುಣಮಟ್ಟದ್ದಲ್ಲ. ಸವಕಳಿಯ ಲೆಕ್ಕ ಹೀಗಿದೆ: ಪರ್ಕ್ ಮೊದಲ ವರ್ಷ ಶೇಕಡಾ 2, ಆಮೇಲೆ ವರ್ಷಕ್ಕೆ 0.55 ಇಳಿದರೆ 25ನೆಯ ವರ್ಷದಲ್ಲಿ ಸುಮಾರು 85 ಉಳಿಯುತ್ತದೆ. ಟಾಪ್‌ಕಾನ್ ಮೊದಲು 1, ಆಮೇಲೆ 0.4ರಂತೆ ಇಳಿದರೆ 89ಕ್ಕೂ ಹೆಚ್ಚು. ಉಷ್ಣಾಂಶದ ಲಾಭವನ್ನೂ ಸೇರಿಸಿ ಸರಾಸರಿ ನೋಡಿದರೆ ಟಾಪ್‌ಕಾನ್ ಮುಂದಿರುವುದು ಶೇಕಡಾ 4ರ ಆಸುಪಾಸು. ವ್ಯಾಟ್‌ಗೆ ಶೇಕಡಾ 5ಕ್ಕಿಂತ ಹೆಚ್ಚು ಬೆಲೆ ಕೇಳಿದರೆ, ಜಾಗವಿರುವವರು ಪರ್ಕ್‌ನಲ್ಲೇ ಒಂದು ಪ್ಯಾನೆಲ್ ಹೆಚ್ಚು ಹಾಕಿಸಿಕೊಳ್ಳಬಹುದು. ಉತ್ಪಾದನೆಯ ವಾರಂಟಿ 25 ಅಥವಾ 30 ವರ್ಷವಾದರೂ ತಯಾರಿಕಾ ದೋಷದ ವಾರಂಟಿ ಹಲವು ಕಡೆ 10ರಿಂದ 12 ವರ್ಷ ಮಾತ್ರ. ಕೆಟ್ಟ ಪ್ಯಾನೆಲ್ ಇಳಿಸಿ ಮೈಸೂರಿಗೆ ಸಾಗಿಸುವ ಖರ್ಚು ಯಾರದ್ದೆಂದು ಈಗಲೇ ಬರೆಸಿಕೊಳ್ಳುವುದು ಜಾಣತನ.

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು ಗರಿಷ್ಠ 78,000 ರೂಪಾಯಿ ಸಹಾಯಧನವಿದೆ. ಆದರೆ ಸೆಲ್ ಕೂಡ ಭಾರತದಲ್ಲೇ ತಯಾರಾದ, ವ್ಯಾಪಾರಿಗಳ ಮಾತಿನಲ್ಲಿ ಡಿಸಿಆರ್ ಎನ್ನುವ ಪ್ಯಾನೆಲ್‌ಗೆ ಮಾತ್ರ ಅದು ದೊರೆಯುತ್ತದೆ. ಡಿಸಿಆರ್ ಅಲ್ಲದ್ದು ಅಗ್ಗ. ಹಾಗಾಗಿ ಎರಡು ಕೊಟೇಶನ್‌ಗಳನ್ನು ಸಹಾಯಧನ ಕಳೆದ ಮೇಲಿನ ಮೊತ್ತದಲ್ಲೇ ಹೋಲಿಸಬೇಕು. ಗೃಹಜ್ಯೋತಿಯಿಂದ ಶೂನ್ಯ ಬಿಲ್ ಬರುತ್ತಿರುವ ಮನೆಯವರು ಉಳಿತಾಯವಾಗುವುದು ಏನೆಂದು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ನಮ್ಮ ಭಾಗಕ್ಕೆ ವಿದ್ಯುತ್ ಕೊಡುವ ಸೆಸ್ಕ್ ಕಂಪನಿಯ ಲೈನಿಗೆ ಜೋಡಿಸಿದ ಆನ್‌ಗ್ರಿಡ್ ವ್ಯವಸ್ಥೆ ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ, ಏಕೆಂದರೆ ಕಂಬದ ಮೇಲಿರುವ ಲೈನ್‌ಮ್ಯಾನ್‌ಗೆ ನಮ್ಮ ಮನೆಯಿಂದ ಕರೆಂಟ್ ಹರಿಯಬಾರದು. ಮರ ಬಿದ್ದು ದಿನಗಟ್ಟಲೆ ಕತ್ತಲಿರುವ ಊರಿನವರು ಪ್ಯಾನೆಲ್‌ನಲ್ಲಿ ಉಳಿಸಿದ ಹಣವನ್ನು ಲೈನ್ ಹೋದಾಗ ಬ್ಯಾಟರಿಯಿಂದ ನಡೆಸುವ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿಗೆ ತಿರುಗಿಸುವುದು ಮೇಲು.

ಜೋಡಣೆಗೆ ಕಾಫಿ ಕೊಯ್ಲು ಮುಗಿದ ಮೇಲೆ, ಏಪ್ರಿಲ್‌ನ ಗುಡುಗು ಮಳೆಗೆ ಮುಂಚಿನ ವಾರಗಳು ಅನುಕೂಲ. ಆಳುಗಳೂ ಸಿಗುತ್ತಾರೆ, ಸಿಡಿಲಿಗೆ ಮೊದಲೇ ಅರ್ಥಿಂಗ್ ಮತ್ತು ಸರ್ಜ್ ರಕ್ಷಕವೂ ಕೂತಿರುತ್ತದೆ. ಪ್ಯಾನೆಲ್ ಬಂದಿಳಿದ ದಿನ ಪ್ರತಿಯೊಂದರ ಕ್ರಮಸಂಖ್ಯೆಯನ್ನು ಕಾರ್ಖಾನೆಯಲ್ಲಿ ಪ್ರತಿ ಪ್ಯಾನೆಲ್‌ನ ವ್ಯಾಟ್ ಅಳೆದು ಬರೆದ ಫ್ಲ್ಯಾಶ್ ಟೆಸ್ಟ್ ವರದಿಯ ಸಂಖ್ಯೆಯೊಂದಿಗೆ ತಾಳೆ ನೋಡಿ, ಗಾಜಿನ ಮೂಲೆಗಳನ್ನು ಬೆರಳಿನಿಂದ ಸವರಿ, ಬೆನ್ನಿನ ಚೀಟಿಯ ಫೋಟೊ ತೆಗೆದುಕೊಳ್ಳಬೇಕು. ಮೇಲೇರಿಸಿ ಕ್ಲ್ಯಾಂಪು ಬಿಗಿದ ಮೇಲೆ ಆ ಚೀಟಿ ಮತ್ತೆ ಕಣ್ಣಿಗೆ ಬೀಳುವುದಿಲ್ಲ.